ಖನ್ನಾ ಮಂಡಿ ನೋಡೋದಾದ್ರೆ ಏಪ್ರಿಲ್‌ನಲ್ಲೇ ಹೋಗಿ

ಪಂಜಾಬ್‌ಗೆ ಹೋದೋರು ಅಮೃತಸರ, ವಾಘಾ ನೋಡ್ಕೊಂಡು ವಾಪಸ್ ಬಂದ್ಬಿಡ್ತಾರೆ. ಒಂದು ದಿನ ಜಾಸ್ತಿ ಇದ್ರೆ ಲುಧಿಯಾನ ಜಿಲ್ಲೆಯ ಖನ್ನಾಕ್ಕೆ ಹೋಗ್ಬನ್ನಿ, ಏಷ್ಯಾದಲ್ಲೇ ದೊಡ್ಡ ಧಾನ್ಯದ ಮಂಡಿ ಅಂತ ಹೆಸರಾಗಿರೋ ಊರು. ನಾನು ಗಂಗಾವತಿ ಕಡೆಯವನು, ಭತ್ತದ ರಾಶಿ ನೋಡ್ಕೊಂಡೇ ಬೆಳೆದೋನು, ಆದ್ರೂ ಅಲ್ಲಿ ನಿಂತಾಗ ಮಾತೇ ಹೊರಡ್ಲಿಲ್ಲ.

ಗೋಧಿ ಬರೋದು ಏಪ್ರಿಲ್‌ನಲ್ಲಿ, ಸುಗ್ಗಿ ಹಬ್ಬ ಬೈಸಾಖಿ ಆದ್ಮೇಲೆ ರಶ್ಶೋ ರಶ್ಶು. ಭತ್ತಕ್ಕಾದ್ರೆ ಅಕ್ಟೋಬರ್. ಬೇರೆ ಟೈಮಲ್ಲಿ ಹೋದ್ರೆ ಖಾಲಿ ಕಟ್ಟೆ ನೋಡ್ಕೊಂಡು ಬರ್ಬೇಕು ಅಷ್ಟೆ. ಯಶವಂತಪುರದಿಂದ ಚಂಡೀಗಢಕ್ಕೆ ಸಂಪರ್ಕ ಕ್ರಾಂತಿ ರೈಲಿದೆ, ಅಲ್ಲಿಂದ ಬಸ್ಸು. ಅಂಬಾಲಾ–ಲುಧಿಯಾನ ಲೈನಲ್ಲೇ ಖನ್ನಾ ಸ್ಟೇಷನ್ನೂ ಇದೆ, ಆದ್ರೆ ಎಲ್ಲಾ ಎಕ್ಸ್‌ಪ್ರೆಸ್ ನಿಲ್ಲಲ್ಲ, ನೋಡಿ ಬುಕ್ ಮಾಡಿ.

ಟ್ರಾಲಿ ಬಂದು ಗೋಧಿ ಸುರಿದ ತಕ್ಷಣ ಬಿಹಾರ, ಯುಪಿ ಕಡೆಯ ಹಮಾಲರು ಫ್ಯಾನು ಜರಡಿ ಇರೋ ಮಷಿನ್‌ಗೆ ಹಾಕಿ ಹೊಟ್ಟು ತೆಗೀತಾರೆ, ಆಮೇಲೆ ತೇವ ನೋಡೋ ಮೀಟರು, 12 ಪರ್ಸೆಂಟ್ ದಾಟಿದ್ರೆ ಇನ್ನೂ ಒಣಗಿಸಿ ಅಂತಾರೆ, ಪಾಸಾದ್ರೆ 50 ಕೆಜಿ ಚೀಲ ತುಂಬಿ ಹೊಲಿಗೆ. ಖರೀದಿ ತಡ ಆದ್ರೆ ರೈತ ರಾಶಿ ಪಕ್ಕದಲ್ಲೇ ರಾತ್ರಿ ಕಳೀಬೇಕು. ಹಾಗೆ ಮಂಚ ಹಾಕ್ಕೊಂಡು ಕೂತಿದ್ದ ಒಬ್ಬ ವಯಸ್ಸಾದ ಸರ್ದಾರ್ಜಿ ನಾಲ್ಕು ಕಾಳು ತೆಗೆದು ಬಾಯಿಗೆ ಹಾಕ್ಕೊಂಡು ಕಟುಂ ಅಂತ ಕಡಿದು, ನನ್ನ ಕೈಗೂ ನಾಲ್ಕು ಕಾಳು ಹಾಕಿದ್ರು. ಅವರಿಗೆ ಆ ಸದ್ದೇ ಮೀಟರು. ಅಲ್ಲಿನ ದಲ್ಲಾಳಿಗೆ ಆಡ್ತಿಯಾ ಅಂತಾರೆ, ಬೆಳೆ ಮಾರಿಸೋದಷ್ಟೇ ಅಲ್ಲ, ಮಗಳ ಮದುವೆಗೆ ಸಾಲ ಕೊಡೋದೂ ಅವರೇ, ತಲೆಮಾರುಗಳ ಲೆಕ್ಕ. ಈ ಸಂಬಂಧದಲ್ಲಿ ನಂಬಿಕೆನೂ ಇದೆ, ಬಡ್ಡಿಯ ಭಾರನೂ ಇದೆ, ಎರಡನ್ನೂ ಕೇಳಿ ತಿಳ್ಕೊಳ್ಳಿ.

ಊರು ಶೇರ್ ಶಾ ಕಾಲದಿಂದ ಹೆಸರಾದ ಜಿಟಿ (ಗ್ರ್ಯಾಂಡ್ ಟ್ರಂಕ್) ರೋಡ್ ಮೇಲಿದೆ, ಸುತ್ತಮುತ್ತ ಮೊಗಲರ ಕಾಲದ ಸರಾಯಿಗಳಿವೆ, ಅಂದ್ರೆ ಪ್ರಯಾಣಿಕರು ತಂಗ್ತಿದ್ದ ಛತ್ರಗಳು. ಆದ್ರೆ ಮಂಡಿ ಈ ಪರಿ ಬೆಳೆದಿದ್ದು 1960ರ ದಶಕದ ಹಸಿರು ಕ್ರಾಂತಿಯಿಂದ. ಗಿಡ್ಡ ತಳಿ ಗೋಧಿ, ಕೊಳವೆಬಾವಿ, ಸರ್ಕಾರದ ಬೆಂಬಲ ಬೆಲೆ ಮೂರೂ ಒಟ್ಟಿಗೆ ಬಂದ್ವು, 1962ರಲ್ಲಿ ಶುರುವಾದ ಕೃಷಿ ವಿಶ್ವವಿದ್ಯಾಲಯನೂ ಪಕ್ಕದ ಲುಧಿಯಾನದಲ್ಲೇ. ಅದಕ್ಕೆ ಕೊಟ್ಟ ಬೆಲೆ ಅಂದ್ರೆ ಪಾತಾಳಕ್ಕಿಳಿದ ಅಂತರ್ಜಲ, ಅದು ನೆನೆಸ್ಕೊಂಡ್ರೆ ಸಂಕಟ ಆಗುತ್ತೆ.

ಬೆಳಗ್ಗೆ ಬೇಗ ಹೋಗಿ, ಮೂಗಿಗೆ ಬಟ್ಟೆ ಕಟ್ಕೊಳ್ಳಿ, ಧೂಳು ವಿಪರೀತ. ಕಾಳಿನ ಮೇಲೆ ಚಪ್ಪಲಿ ಕಾಲಿಡ್ಬೇಡಿ, ಫೋಟೋಗೆ ಮುಂಚೆ ಕೇಳಿ. ಮಧ್ಯಾಹ್ನದ ಊಟಕ್ಕೆ ಸುಮಾರು 20 ಕಿ.ಮೀ. ದೂರದ ಫತೇಗಢ ಸಾಹಿಬ್ ಗುರುದ್ವಾರಕ್ಕೆ ಹೋಗಿ, ಗುರು ಗೋಬಿಂದ್ ಸಿಂಗರ ಇಬ್ಬರು ಚಿಕ್ಕ ಮಕ್ಕಳು ಹುತಾತ್ಮರಾದ ಜಾಗ. ತಲೆಗೆ ಕರ್ಚೀಫ್ ಇರ್ಲಿ, ಲಂಗರ್‌ನಲ್ಲಿ (ಗುರುದ್ವಾರದ ಉಚಿತ ದಾಸೋಹ) ರೊಟ್ಟಿ ಬಡಿಸುವಾಗ ಎರಡೂ ಕೈ ಚಾಚಿ ತಗೊಳ್ಳಿ.