ಯೂನಿಯನ್ ಅಲ್ಲದ, ಆದರೂ ನಮ್ಮ ಪರ ನಿಲ್ಲುವ ಮಂಡಳಿ

ಜರ್ಮನಿಗೆ ಕೆಲಸಕ್ಕೆ ಬರುವ ಮುಂಚೆ ನಮ್ಮವರು ನೂರೆಂಟು ಪ್ರಶ್ನೆ ಕೇಳುತ್ತಾರೆ. ಕೈಗೆ ಎಷ್ಟು ಸಿಗುತ್ತೆ, ಮನೆ ಸಿಗುತ್ತಾ, ಬ್ಲೂ ಕಾರ್ಡ್ ಅನ್ನೋ ಕೆಲಸದ ಪರವಾನಗಿ ಬರೋಕೆ ಎಷ್ಟು ದಿನ. ಆ ಕಂಪನಿಯಲ್ಲಿ ಬೆಟ್ರೀಬ್ಸ್‌ರಾಟ್ ಇದೆಯಾ ಎಂದು ಇದುವರೆಗೆ ನನ್ನನ್ನು ಯಾರೂ ಕೇಳಿಲ್ಲ. ದಯವಿಟ್ಟು ಕೇಳಿ. ಆಫರ್ ಒಪ್ಪಿಕೊಳ್ಳುವ ಮೊದಲೇ ಕೇಳಿ.

ಬೆಟ್ರೀಬ್ಸ್‌ರಾಟ್ ಎಂದರೆ ಒಂದು ಕಂಪನಿಯ ನೌಕರರು ತಮ್ಮೊಳಗಿಂದಲೇ ಆರಿಸುವ ಮಂಡಳಿ. ಇದಕ್ಕೆ ಯೂನಿಯನ್ ಸದಸ್ಯತ್ವ ಬೇಕಿಲ್ಲ, ಚಂದಾ ಕೊಡಬೇಕಿಲ್ಲ. ಖರ್ಚೆಲ್ಲ ಕಂಪನಿಯದು. 1920ರಲ್ಲೇ ಇದಕ್ಕೆ ಕಾನೂನು ಬಂದಿತ್ತು. ನಾಜಿಗಳು ಅದನ್ನು ಕಿತ್ತುಹಾಕಿದರು. 1952ರಲ್ಲಿ ಹೊಸ ಕಾನೂನು ಬಂತು, 1972ರಲ್ಲಿ ಅದಕ್ಕೆ ಇನ್ನಷ್ಟು ಬಲ ಸಿಕ್ಕಿತು. ಐದು ಜನ ಕಾಯಂ ನೌಕರರಿರುವ ಜಾಗದಲ್ಲೂ ಮಂಡಳಿ ರಚಿಸಬಹುದು. 4 ವರ್ಷಕ್ಕೊಮ್ಮೆ, ಮಾರ್ಚ್‌ನಿಂದ ಮೇ ಒಳಗೆ ಚುನಾವಣೆ ನಡೆಯುತ್ತದೆ. ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು ಎಂಬುದು ಲೆಕ್ಕಕ್ಕಿಲ್ಲ. ಈ ದೇಶದ ಸಂಸತ್ತಿಗೆ ಮತ ಹಾಕಲಾಗದ ನಾವು ಇಲ್ಲಿ ಮತ ಹಾಕುತ್ತೇವೆ. 6 ತಿಂಗಳು ಕೆಲಸ ಮಾಡಿದ್ದರೆ ಅಭ್ಯರ್ಥಿಯಾಗಿ ನಿಲ್ಲಲೂಬಹುದು.

ಕಂಪನಿ ದುಡ್ಡಲ್ಲಿ ನಡೆಯುವ ಮಂಡಳಿ ಕಂಪನಿ ಹೇಳಿದಂತೆ ಕುಣಿಯಲ್ವಾ ಎಂದು ಊರಿನ ಗೆಳೆಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಬರೀ ಒಳ್ಳೆಯತನದ ಮೇಲೆ ನಿಂತಿದ್ದರೆ ಹಾಗೇ ಆಗುತ್ತಿತ್ತು. ಆದರೆ ಕಾನೂನಿನ 102ನೇ ಸೆಕ್ಷನ್ ನೋಡಿ. ಯಾರನ್ನೇ ಕೆಲಸದಿಂದ ತೆಗೆಯುವ ಮುಂಚೆ ಕಂಪನಿ ಮಂಡಳಿಗೆ ಕಾರಣ ತಿಳಿಸಿ, ಅದರ ಅಭಿಪ್ರಾಯ ಕೇಳಲೇಬೇಕು. ಕೇಳದೆ ಕೊಟ್ಟ ನೋಟಿಸ್ ಊರ್ಜಿತವಾಗುವುದಿಲ್ಲ. ಕೆಲಸದಿಂದ ತೆಗೆಯುವುದರ ವಿರುದ್ಧ ಇಲ್ಲಿ ಇರುವ ಸಾಮಾನ್ಯ ರಕ್ಷಣೆ ಮೊದಲ 6 ತಿಂಗಳು ಸಿಗುವುದಿಲ್ಲ. ಮಂಡಳಿಯನ್ನು ಕೇಳಬೇಕೆಂಬ ನಿಯಮ ಮಾತ್ರ ಪ್ರೊಬೇಷನ್‌ನಲ್ಲೂ ಇದೆ. ಹೊಸದಾಗಿ ಬಂದವರಿಗೆ, ಕೆಲಸ ಹೋದರೆ ವೀಸಾ ಚಿಂತೆಯೂ ಹತ್ತುವವರಿಗೆ, ಇದು ಸಣ್ಣ ವಿಷಯವಲ್ಲ. ಹಾಗಂತ ಮಂಡಳಿ ಬೇಡ ಅಂದ ಮಾತ್ರಕ್ಕೆ ನೋಟಿಸ್ ನಿಂತುಹೋಗುವುದಿಲ್ಲ. ಕಂಪನಿ ಮುಂದುವರಿಯಬಹುದು. ಆದರೆ ಕೇಸು ಕೋರ್ಟಿಗೆ ಹೋದಾಗ ಮಂಡಳಿಯ ಲಿಖಿತ ಆಕ್ಷೇಪ ನೌಕರರ ಕೈಯಲ್ಲಿರುತ್ತದೆ.

ಇನ್ನೊಂದು ಅಧಿಕಾರ ನನಗೆ ಇದಕ್ಕಿಂತಲೂ ದೊಡ್ಡದಾಗಿ ಕಾಣುತ್ತದೆ. ಓವರ್‌ಟೈಮ್, ಶಿಫ್ಟ್, ರಜೆ ಹಂಚುವ ಕ್ರಮ, ನೌಕರರ ಮೇಲೆ ಕಣ್ಣಿಡಬಲ್ಲ ಯಾವುದೇ ಸಾಫ್ಟ್‌ವೇರ್, ಇವಕ್ಕೆಲ್ಲ ಮಂಡಳಿಯ ಒಪ್ಪಿಗೆ ಬೇಕು. ನಾನು ಕೆಲಸ ಮಾಡುವ ಕಡೆ ಬಂದ ದೂರು, ಕೆಲಸಗಳನ್ನು ಒಂದೊಂದು ‘ಟಿಕೆಟ್’ ಆಗಿ ದಾಖಲಿಸುವ ಹೊಸ ಸಾಫ್ಟ್‌ವೇರ್ ತರಲು ಹೊರಟಾಗ ಇದನ್ನು ಕಣ್ಣಾರೆ ಕಂಡೆ. ಯಾರು ಎಷ್ಟು ಟಿಕೆಟ್ ಮುಗಿಸಿದರು ಎಂಬ ವರದಿ ಅದರಲ್ಲಿ ತಾನಾಗಿಯೇ ಬರುತ್ತಿತ್ತು. ಮಂಡಳಿ ಒಪ್ಪಲಿಲ್ಲ. ಮಾತುಕತೆ ತಿಂಗಳುಗಟ್ಟಲೆ ಎಳೆಯಿತು. ಒಬ್ಬೊಬ್ಬರ ಹೆಸರಿನ ಮೇಲೆ ವರದಿ ತೆಗೆಯುವಂತಿಲ್ಲ ಎಂದು ಬರಹದಲ್ಲಿ ಒಪ್ಪಂದವಾದ ಮೇಲೆಯೇ ಅದು ನಮ್ಮ ಕಂಪ್ಯೂಟರಿಗೆ ಬಂದಿದ್ದು. ಮ್ಯಾನೇಜರ್‌ಗಳಿಗೆ ಕಿರಿಕಿರಿಯಾಗಿತ್ತು, ನಿಜ. ನನಗೆ ಮಾತ್ರ ನೆಮ್ಮದಿಯಾಯಿತು. ಕೆಲಸದ ವಿಮರ್ಶೆಯ ಮೀಟಿಂಗ್‌ಗೂ ಮಂಡಳಿಯ ಸದಸ್ಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಬಹುದು. ಭಾಷೆ ಸರಿಯಾಗಿ ಬರದವರಿಗೆ ಇದೆಷ್ಟು ಧೈರ್ಯ ಕೊಡುತ್ತೆ ಗೊತ್ತಾ?

ಹಾಗಾದರೆ ಯೂನಿಯನ್ ಬೇಡವೇ? ಬೇಕು, ಖಂಡಿತ ಬೇಕು. ಮಂಡಳಿ ಮುಷ್ಕರಕ್ಕೆ ಕರೆ ಕೊಡುವಂತಿಲ್ಲ. ಸಂಬಳ ಎಷ್ಟು ಏರಬೇಕು ಎಂಬ ಚೌಕಾಶಿಯೂ ಯೂನಿಯನ್‌ನದೇ. ಮಂಡಳಿ ಸದಸ್ಯರಿಗೆ ತರಬೇತಿ ಕೊಡುವವರು, ಕಾನೂನಿನ ಸಲಹೆ ಹೇಳುವವರು ಕೂಡ ಬಹಳ ಸಲ ಐಜಿ ಮೆಟಾಲ್, ವೆರ್ಡಿಯಂಥ ಯೂನಿಯನ್‌ಗಳೇ. ಆ ಬೆಂಬಲ ಇಲ್ಲದ ಕಡೆ ಮಂಡಳಿ ಸೊರಗುತ್ತದೆ ಎಂದೇ ನನ್ನ ಅಭಿಪ್ರಾಯ.

ಇನ್ನೊಂದು ಕೊರತೆ, ಮಂಡಳಿ ತಾನಾಗಿ ಹುಟ್ಟುವುದಿಲ್ಲ. ಯಾರಾದರೂ ಬೇಕು ಅನ್ನಬೇಕು. ದೇಶದ ಖಾಸಗಿ ನೌಕರರಲ್ಲಿ ಅರ್ಧಕ್ಕಿಂತ ಕಡಿಮೆ ಜನರಿಗೆ ಮಾತ್ರ ಇದು ಸಿಕ್ಕಿದೆ. 1972ರಲ್ಲಿ ಶುರುವಾದ ಸ್ಯಾಪ್‌ನಂಥ ದೊಡ್ಡ ಸಾಫ್ಟ್‌ವೇರ್ ಕಂಪನಿಯಲ್ಲೂ 2006ರ ತನಕ ಇರಲಿಲ್ಲ. ಆ ವರ್ಷ ಮೂವರು ನೌಕರರು ಮುಂದೆ ಬಂದಾಗ, ಸಭೆ ಸೇರಿದ ಸಹೋದ್ಯೋಗಿಗಳಲ್ಲಿ ಬಹುಪಾಲು ಜನ ಬೇಡವೆಂದೇ ಮತ ಹಾಕಿದರು. ಆದರೂ ಅದೇ ವರ್ಷ ಮಂಡಳಿ ಬಂತು. ಕಾರಣ, ಈ ಹಕ್ಕು ಬಹುಮತ ಕೊಡುವ ಅಥವಾ ಕಸಿಯುವ ಹಕ್ಕಲ್ಲ. ಸಭೆ ಒಪ್ಪದಿದ್ದರೆ ಮೂವರು ನೌಕರರು ಕಾರ್ಮಿಕ ಕೋರ್ಟಿಗೆ ಅರ್ಜಿ ಹಾಕಿ ಚುನಾವಣಾ ಸಮಿತಿ ನೇಮಿಸಿ ಎಂದು ಕೇಳಬಹುದು.

ನಿಮ್ಮ ಕಂಪನಿಯಲ್ಲಿ ಮಂಡಳಿ ಇಲ್ಲದಿದ್ದರೆ ಜೊತೆಗೆ ಇಬ್ಬರನ್ನು ಹುಡುಕಿಕೊಳ್ಳಿ. ಮೊದಲು ಹತ್ತಿರದ ಯೂನಿಯನ್ ಕಚೇರಿಗೆ ಹೋಗಿ, ಬಾಸ್ ಹತ್ತಿರ ಆಮೇಲೆ. ಚುನಾವಣೆಗೆ ಕರೆ ಕೊಡುವವರನ್ನು ಸುಮ್ನೆ ಕೆಲಸದಿಂದ ತೆಗೆಯಲು ಬರುವುದಿಲ್ಲ, ಅವರಿಗೆ ವಿಶೇಷ ರಕ್ಷಣೆ ಇದೆ. ಚುನಾವಣೆಗೆ ಅಡ್ಡಿ ಮಾಡುವುದು ಅಪರಾಧ, ಒಂದು ವರ್ಷದ ತನಕ ಜೈಲು ಶಿಕ್ಷೆಗೂ ಅವಕಾಶವಿದೆ.