ಗಿಗಾಬಿಟ್ ಲಿಂಕಿನಲ್ಲಿ 4ಜಿ ರೇಡಿಯೊ ಹಿಡಿಸುವ ಲೆಕ್ಕ

ದೇವಿಮನೆ ಘಟ್ಟದ ಟವರಿನಲ್ಲಿ ರೇಡಿಯೊ ಮಾತ್ರ ಇಟ್ಟು, ಬೇಸ್‌ಬ್ಯಾಂಡ್ (ಸಿಗ್ನಲ್ ಸಂಸ್ಕರಿಸುವ ಪೆಟ್ಟಿಗೆ) ಶಿರಸಿಯಲ್ಲೇ ಇರಲಿ ಅಂದರೆ, ಎರಡರ ನಡುವಿನ ಲಿಂಕ್ ಎಷ್ಟು ಹೊರಬೇಕು ಎಂದು ಮೊದಲು ಲೆಕ್ಕ ಹಾಕಬೇಕು. 20 ಮೆಗಾಹರ್ಟ್ಸ್ ಎಲ್‌ಟಿಇ (4ಜಿ), ಎರಡು ಆಂಟೆನಾ: ಪ್ರತಿ ಆಂಟೆನಾಕ್ಕೆ ಸೆಕೆಂಡಿಗೆ 3.072 ಕೋಟಿ ಸ್ಯಾಂಪಲ್ (ಸಿಗ್ನಲ್‌ನ ಅಳತೆ), ಒಂದೊಂದು 30 ಬಿಟ್. ರೇಡಿಯೊ ಮತ್ತು ಬೇಸ್‌ಬ್ಯಾಂಡ್ ನಡುವೆ ಇದನ್ನು ಸಾಗಿಸುವ ಸಿಪಿಆರ್‌ಐ ಎಂಬ ಪದ್ಧತಿಯ ಹೊದಿಕೆ ಸೇರಿ ಸೆಕೆಂಡಿಗೆ 2.4576 ಗಿಗಾಬಿಟ್. ಅಗ್ಗದ ಗಿಗಾಬಿಟ್ ಈಥರ್ನೆಟ್ ಲಿಂಕಿಗೆ ಇದು ಆಗಿಬರುವ ಮಾತಲ್ಲ.

ಆದರೆ ಸಿಗ್ನಲ್ ನಿಜಕ್ಕೂ ತುಂಬಿರುವುದು 18 ಮೆಗಾಹರ್ಟ್ಸ್ ಅಷ್ಟೇ. ಸ್ಯಾಂಪಲ್ ದರವನ್ನು ಮುಕ್ಕಾಲಿಗೆ, ಅಂದರೆ 2.304 ಕೋಟಿಗೆ ಇಳಿಸಿ. ಆಮೇಲೆ 12 ಸ್ಯಾಂಪಲ್‌ಗಳ ಗುಂಪು ಮಾಡಿ, ಇಡೀ ಗುಂಪಿಗೆ 4 ಬಿಟ್‌ನ ಒಂದೇ ಘಾತಾಂಕ (ಗುಂಪಿನ ಅಳತೆಗಳ ಗಾತ್ರ ಹೇಳುವ ಅಂಕೆ), ಪ್ರತಿ ಸ್ಯಾಂಪಲ್‌ನ ಎರಡು ಭಾಗಗಳಾದ ಐ ಮತ್ತು ಕ್ಯೂಗೆ ತಲಾ 9 ಬಿಟ್ ಕೊಡಿ. ಸುಮಾರು 845 ಮೆಗಾಬಿಟ್‌ಗೆ ಬಂದು ನಿಲ್ಲುತ್ತದೆ. ಬಿಟ್ ಇನ್ನೂ ಕತ್ತರಿಸುತ್ತ ಹೋದರೆ ಮೊದಲು ಕೈಕೊಡುವುದು ಒಂದೊಂದು ಸಂಕೇತಕ್ಕೂ ಹೆಚ್ಚು ಬಿಟ್ ತುಂಬುವ ಮಾಡ್ಯುಲೇಶನ್ ಆದ 256 ಕ್ಯೂಎಎಂ; ಅದಕ್ಕೆ ಇವಿಎಂ (ಸಿಗ್ನಲ್‌ನಲ್ಲಿನ ದೋಷದ ಪ್ರಮಾಣ) ಶೇ. 3.5 ದಾಟುವಂತಿಲ್ಲ.

ಸಿಪಿಆರ್‌ಐ ತನ್ನ ಜೊತೆಗೇ ಗಡಿಯಾರವನ್ನೂ ಹೊತ್ತು ತರುತ್ತಿತ್ತು; ಈಥರ್ನೆಟ್ ತರುವುದಿಲ್ಲ. ಹಾಗಾಗಿ ಪಿಟಿಪಿ (ಜಾಲದ ಮೇಲೆ ನಿಖರ ಸಮಯ ಹಂಚುವ ಪದ್ಧತಿ) ಬಲ್ಲ ಸ್ವಿಚ್ಚೇ ಬೇಕು. ಇಲ್ಲಿ ಮಾತ್ರ ಜುಗ್ಗತನ ಬೇಡ.

ಮೈಕ್ರೊವೇವ್ ಲಿಂಕಾದರೆ ಮಳೆಯದೇ ತಲೆನೋವು. ಆರಿದ್ರಾ ಮಳೆ ಹಿಡಿದಾಗ ಲಿಂಕ್ ತಾನಾಗಿ ಮಾಡ್ಯುಲೇಶನ್ ಇಳಿಸಿಕೊಂಡು 500–600 ಮೆಗಾಬಿಟ್‌ಗೆ ಕುಸಿದರೂ ಸಾಮಾನ್ಯ ಇಂಟರ್ನೆಟ್ ನಿಧಾನವಾಗಿ ಓಡುತ್ತಿರುತ್ತದೆ. ರೇಡಿಯೊ ಸ್ಯಾಂಪಲ್‌ಗಳ ಈ ಹರಿವು ಹಾಗಲ್ಲ. ಊರಲ್ಲಿ ಒಬ್ಬರೂ ಫೋನ್ ಎತ್ತದಿದ್ದರೂ ಅದಕ್ಕೆ 845 ಬೇಕೇ ಬೇಕು. ಸಿಗದಿದ್ದರೆ ಸೆಲ್ ಪೂರ್ತಿ ಬೀಳುತ್ತದೆ. ಅಂಥ ಕಡೆ ಬೇಸ್‌ಬ್ಯಾಂಡನ್ನು ಟವರಿನ ಬುಡಕ್ಕೇ ತಂದಿಡುವುದು ಒಳ್ಳೆಯದು.