ಒಂದು ವರ್ಷ ಇದ್ದರೆ ಇನ್-ಸ್ಟೇಟ್ ಫೀಸು ಸಿಗುತ್ತದೆಯೇ?

ಅಮೆರಿಕದಲ್ಲಿರುವ ಕನ್ನಡಿಗರ ಮನೆಗಳಲ್ಲಿ ಮಕ್ಕಳು ಹನ್ನೊಂದನೆಯ ತರಗತಿಗೆ ಕಾಲಿಟ್ಟ ಕೂಡಲೇ ನನಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯನ್ನು ಹೊತ್ತು ಬರುತ್ತವೆ: "ಆ ರಾಜ್ಯದಲ್ಲಿ ಒಂದು ವರ್ಷ ಇದ್ದರೆ ಸರ್ಕಾರಿ ಯೂನಿವರ್ಸಿಟಿಯಲ್ಲಿ ಇನ್-ಸ್ಟೇಟ್ ಫೀಸು ಸಿಗುತ್ತದೆಯಲ್ಲವೇ?" ಇನ್-ಸ್ಟೇಟ್ ಫೀಸು ಎಂದರೆ ಆ ರಾಜ್ಯದ ನಿವಾಸಿಗಳಿಗೆ ಹಾಕುವ ಕಡಿಮೆ ಫೀಸು. ಊರಿನಿಂದ ಕೇಳುವವರದು ಇದೇ ಪ್ರಶ್ನೆಯ ಇನ್ನೊಂದು ರೂಪ: "ನನ್ನ ತಂಗಿ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿದ್ದಾಳೆ, ಅವಳ ಮನೆಯ ವಿಳಾಸ ಕೊಟ್ಟರೆ ಮಗನಿಗೆ ಫೀಸು ಕಡಿಮೆಯಾಗುತ್ತದೆಯೇ?" ಎರಡನೆಯದಕ್ಕೆ ನನ್ನ ಉತ್ತರ 'ಇಲ್ಲ' ಎಂಬ ಒಂದೇ ಮಾತು, ಕಾರಣವನ್ನು ಮುಂದೆ ಹೇಳುತ್ತೇನೆ. ಮೊದಲನೆಯದಕ್ಕೆ ಅಷ್ಟು ಸುಲಭದ ಉತ್ತರವಿಲ್ಲ, ಏಕೆಂದರೆ ಎಲ್ಲರ ಬಾಯಲ್ಲಿರುವ ಆ 'ಒಂದು ವರ್ಷ' ಎಂಬುದು ಇರುವ ಷರತ್ತುಗಳಲ್ಲೆಲ್ಲ ಪೂರೈಸಲು ಸುಲಭವಾದದ್ದು.

ಹಣದ ಲೆಕ್ಕವನ್ನು ಮೊದಲು ನೋಡೋಣ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ ಮುಂತಾದ ಯಾವುದೇ ಕ್ಯಾಂಪಸ್ಸಿಗೆ 2025-26ರಲ್ಲಿ ಪದವಿ ತರಗತಿಗೆ ಹೊಸದಾಗಿ ಸೇರಿದ ಹೊರರಾಜ್ಯದ ವಿದ್ಯಾರ್ಥಿ, ಎಲ್ಲರೂ ಕಟ್ಟುವ ಫೀಸಿನ ಮೇಲೆ ವರ್ಷಕ್ಕೆ 37,602 ಡಾಲರ್ ಹೆಚ್ಚುವರಿಯಾಗಿ ಕಟ್ಟಬೇಕು. ನಾಲ್ಕು ವರ್ಷಕ್ಕೆ ಇದು ಒಂದೂವರೆ ಲಕ್ಷ ಡಾಲರ್ ದಾಟುತ್ತದೆ. ಊಟ, ವಸತಿ, ಪುಸ್ತಕಗಳ ಖರ್ಚು ಇದರಲ್ಲಿ ಸೇರಿಲ್ಲ. ಈ ವಿಶ್ವವಿದ್ಯಾಲಯಗಳು ರಾಜ್ಯದ ಬೊಕ್ಕಸದಿಂದ ಹಣ ಪಡೆಯುತ್ತವೆ. ಆ ಬೊಕ್ಕಸಕ್ಕೆ ತೆರಿಗೆ ಕಟ್ಟುವ ಜನರ ಮಕ್ಕಳಿಗೆ ರಿಯಾಯಿತಿ, ಉಳಿದವರಿಗೆ ಇಲ್ಲ ಎಂಬುದು ಇದರ ಹಿಂದಿನ ತರ್ಕ. ಸ್ಟ್ಯಾನ್‌ಫರ್ಡಿನಂಥ ಖಾಸಗಿ ಸಂಸ್ಥೆಗಳಲ್ಲಿ ಈ ಭೇದವೇ ಇಲ್ಲ.

ಈ ತರ್ಕ ನಮಗೆ ಹೊಸದೂ ಅಲ್ಲ. ಇಂದೋರಿನ ವೈದ್ಯಕೀಯ ಕಾಲೇಜಿನಲ್ಲಿ ಅಂದಿನ ಮಧ್ಯಭಾರತ ರಾಜ್ಯದ ನಿವಾಸಿಗಳನ್ನು ಬಿಟ್ಟು ಉಳಿದವರಿಂದ ಮಾತ್ರ ಕ್ಯಾಪಿಟೇಶನ್ ಶುಲ್ಕ ವಸೂಲು ಮಾಡುತ್ತಿದ್ದುದನ್ನು ನಮ್ಮ ಸುಪ್ರೀಂ ಕೋರ್ಟು 1955ರಲ್ಲಿಯೇ, ಡಿ. ಪಿ. ಜೋಶಿ ಪ್ರಕರಣದಲ್ಲಿ, ಎತ್ತಿಹಿಡಿದಿತ್ತು: ಸಂವಿಧಾನ ತಡೆಯುವುದು ಹುಟ್ಟಿದ ಸ್ಥಳದ ಆಧಾರದ ಮೇಲಿನ ತಾರತಮ್ಯವನ್ನು, ವಾಸದ ಆಧಾರದ ಮೇಲಿನದನ್ನಲ್ಲ ಎಂದು. ಕರ್ನಾಟಕದ ಸಿಇಟಿಗೆ ಮಕ್ಕಳನ್ನು ಕಳುಹಿಸಿದವರಿಗೆ, ಒಂದನೆಯ ತರಗತಿಯಿಂದ ದ್ವಿತೀಯ ಪಿಯುಸಿಯೊಳಗೆ ರಾಜ್ಯದಲ್ಲಿ ಏಳು ವರ್ಷ ಓದಿರಬೇಕೆಂಬ ನಿಯಮ ನೆನಪಿರಬಹುದು. ಅಲ್ಲಿ ಶಾಲೆಯ ವ್ಯಾಸಂಗ ಪ್ರಮಾಣಪತ್ರ ತಂದು ಮೇಜಿನ ಮೇಲಿಟ್ಟರೆ ಕೆಲಸ ಮುಗಿಯಿತು. ಅಮೆರಿಕದಲ್ಲಿ ಎಣಿಸುವುದು ಓದಿದ ವರ್ಷಗಳನ್ನಲ್ಲ, ನೆಲೆಸುವ ಉದ್ದೇಶವನ್ನು. ಉದ್ದೇಶಕ್ಕೆ ಪ್ರಮಾಣಪತ್ರ ಕೊಡುವ ಕಚೇರಿ ಯಾವ ಊರಿನಲ್ಲೂ ಇಲ್ಲ.

ಕ್ಯಾಲಿಫೋರ್ನಿಯಾದ ಶಿಕ್ಷಣ ಸಂಹಿತೆ ಇದನ್ನು ಅಚ್ಚುಕಟ್ಟಾಗಿ ಹೇಳುತ್ತದೆ. ದುಡಿಮೆಗೋ ಬೇರೆ ತಾತ್ಕಾಲಿಕ ಕೆಲಸಕ್ಕೋ ಹೋಗಬೇಕಾಗಿಲ್ಲದಿರುವಾಗ ಮನುಷ್ಯ ಉಳಿಯುವ, ವಿಶ್ರಾಂತಿಯ ದಿನಗಳಲ್ಲಿ ಮರಳಿ ಬರುವ ಜಾಗವೇ ಅವನ ನಿವಾಸ; ಅಂಥ ನಿವಾಸ ಒಬ್ಬನಿಗೆ ಒಂದೇ; ಹೊಸದು ಸಿಗುವ ತನಕ ಹಳೆಯದು ಹೋಗುವುದಿಲ್ಲ; ಕೃತಿ ಮತ್ತು ಉದ್ದೇಶ ಎರಡೂ ಕೂಡಿದಾಗ ಮಾತ್ರ ಅದು ಬದಲಾಗುತ್ತದೆ. ಈ ಕೊನೆಯ ಮಾತನ್ನು ಗಮನಿಸಬೇಕು. ಬಂದ ದಿನದಿಂದ ಗಡಿಯಾರ ಓಡತೊಡಗುತ್ತದೆ ಎಂದು ಎಲ್ಲರೂ ಎಣಿಸುತ್ತಾರೆ, ಆದರೆ ಅದು ಓಡತೊಡಗುವುದು ಬಂದದ್ದೂ ನೆಲೆಸುವ ಉದ್ದೇಶ ತೋರಿದ್ದೂ ಎರಡೂ ಸೇರಿದ ದಿನದಿಂದ. ಆ ದಿನದಿಂದ ಎಣಿಸಿ, ವಿಶ್ವವಿದ್ಯಾಲಯ ಗೊತ್ತುಮಾಡಿದ ನಿರ್ಣಯದ ದಿನಕ್ಕೆ ಒಂದು ವರ್ಷಕ್ಕಿಂತ ಹೆಚ್ಚು, ಅಂದರೆ 366 ದಿನ, ಆಗಿರಬೇಕು.

ಈಗ ವೀಸಾದ ಮಾತಿಗೆ ಬರೋಣ. ನಮ್ಮವರ ಮಟ್ಟಿಗೆ ಇದೇ ಮುಖ್ಯ. ಎಫ್-1 ವಿದ್ಯಾರ್ಥಿ ವೀಸಾದ ಕಾನೂನೇ, ಅದನ್ನು ಪಡೆಯುವವನಿಗೆ ಸ್ವದೇಶದಲ್ಲೊಂದು ನಿವಾಸವಿರಬೇಕು, ಅದನ್ನು ಬಿಟ್ಟುಬಿಡುವ ಉದ್ದೇಶ ಅವನಿಗಿರಬಾರದು ಎನ್ನುತ್ತದೆ. ಚೆನ್ನೈಯ ಕಾನ್ಸುಲೇಟಿನ ಕಿಟಕಿಯ ಮುಂದೆ ನಿಂತು "ಓದು ಮುಗಿಸಿ ಹಿಂತಿರುಗುತ್ತೇನೆ" ಎಂದು ಹೇಳಿ ವೀಸಾ ಪಡೆದ ಹುಡುಗ, ವರ್ಷದ ನಂತರ ರಿಜಿಸ್ಟ್ರಾರ್ ಕಚೇರಿಯ ಕಿಟಕಿಯ ಮುಂದೆ ನಿಂತು "ನಾನು ಇಲ್ಲಿಯೇ ನೆಲೆಸುವವನು" ಎಂದರೆ, ಎರಡರಲ್ಲಿ ಒಂದು ಮಾತು ಸುಳ್ಳಾಗಲೇಬೇಕು. ಆದ್ದರಿಂದ ಎಫ್-1ರಲ್ಲಿ ಬಂದವನು ಕ್ಯಾಲಿಫೋರ್ನಿಯಾದಲ್ಲಿ ಹತ್ತು ವರ್ಷ ಇದ್ದರೂ ಈ ಲೆಕ್ಕದಲ್ಲಿ ಅಲ್ಲಿನವನಾಗುವುದಿಲ್ಲ. ಎಚ್-1ಬಿ ಮತ್ತು ಎಲ್ ಎಂಬ ಕೆಲಸದ ವೀಸಾಗಳವರಿಗೆ ಈ ಕಟ್ಟು ಇಲ್ಲ. ಅವರು ಇಲ್ಲಿ ಕೆಲಸ ಮಾಡುತ್ತಲೇ ಗ್ರೀನ್ ಕಾರ್ಡಿಗೂ ಅರ್ಜಿ ಹಾಕಬಹುದು. ಹಾಗಾಗಿ ಅವರೂ, ಅವಲಂಬಿತರ ವೀಸಾದಲ್ಲಿರುವ (ಎಚ್-1ಬಿಯವರ ಮಕ್ಕಳಿಗೆ ಅದು ಎಚ್-4) ಅವರ ಮಕ್ಕಳೂ ಕ್ಯಾಲಿಫೋರ್ನಿಯಾ, ಟೆಕ್ಸಾಸ್, ವಾಷಿಂಗ್ಟನ್ ಮುಂತಾದ ರಾಜ್ಯಗಳಲ್ಲಿ ಉಳಿದ ಷರತ್ತುಗಳನ್ನು ಪೂರೈಸಿದರೆ ನಿವಾಸಿಗಳಾಗಬಲ್ಲರು. "ಗ್ರೀನ್ ಕಾರ್ಡ್ ಬರುವ ತನಕ ಇನ್-ಸ್ಟೇಟ್ ಇಲ್ಲ" ಎಂದು ವಾಟ್ಸಾಪಿನಲ್ಲಿ ಓಡಾಡುವ ಮಾತನ್ನು ನಂಬಿ ಅರ್ಜಿಯನ್ನೇ ಹಾಕದವರನ್ನು ಕಂಡು ನನಗೆ ಬೇಸರವಾಗುತ್ತದೆ.

ಈ ವಿಷಯ ಹಿಂದೆ ಅಮೆರಿಕದ ಸುಪ್ರೀಂ ಕೋರ್ಟಿನ ತನಕ ಹೋಗಿತ್ತು. ರಾಜಧಾನಿ ವಾಷಿಂಗ್ಟನ್ನಿನ ಅಂತರರಾಷ್ಟ್ರೀಯ ಸಂಸ್ಥೆಗಳ ನೌಕರರು ಜಿ-4 ವೀಸಾದಲ್ಲಿ ಪಕ್ಕದ ಮೇರಿಲ್ಯಾಂಡಿನಲ್ಲಿ ಮನೆ ಮಾಡಿಕೊಂಡಿರುತ್ತಿದ್ದರು. ಅವರ ಮಕ್ಕಳಿಗೆ ಅಲ್ಲಿನ ವಿಶ್ವವಿದ್ಯಾಲಯ ಕಡಿಮೆ ಫೀಸನ್ನು ನಿರಾಕರಿಸುತ್ತಿತ್ತು. 1982ರ ಟೋಲ್ ವಿರುದ್ಧ ಮೊರೆನೊ ಪ್ರಕರಣದಲ್ಲಿ ನ್ಯಾಯಾಲಯ, ಒಕ್ಕೂಟದ ಕಾನೂನು ನೆಲೆಸಲು ಅವಕಾಶ ಕೊಟ್ಟಿರುವ ವೀಸಾದವರ ಮೇಲೆ ರಾಜ್ಯ ಹೀಗೆ ಹೆಚ್ಚುವರಿ ಹೊರೆ ಹೇರುವಂತಿಲ್ಲ ಎಂದಿತು. ಅದಕ್ಕೂ ಮೊದಲು, 1973ರ ವ್ಲ್ಯಾಂಡಿಸ್ ವಿರುದ್ಧ ಕ್ಲೈನ್ ಪ್ರಕರಣದಲ್ಲಿ, ಅರ್ಜಿ ಹಾಕುವಾಗ ಹೊರಗಿನವರಾಗಿದ್ದವರು ಓದು ಮುಗಿಯುವ ತನಕ ಹೊರಗಿನವರೇ ಎಂಬ ಕನೆಕ್ಟಿಕಟ್ ರಾಜ್ಯದ ನಿಯಮವನ್ನು ಅದು ತಳ್ಳಿಹಾಕಿತ್ತು. ಮೊದಲ ವರ್ಷ 'ಹೊರಗಿನವನು' ಎಂದು ನಮೂದಾದ ವಿದ್ಯಾರ್ಥಿ ಮುಂದೆ ಮರುವರ್ಗೀಕರಣಕ್ಕೆ ಅರ್ಜಿ ಹಾಕುವಾಗ, ತಾನು ನಿಜವಾಗಿ ಅಲ್ಲಿನವನಾದೆನೆಂದು ಸಾಬೀತುಪಡಿಸಲು ಅವನಿಗೆ ಅವಕಾಶ ಸಿಗುವುದರ ಹಿಂದೆ ಈ ತೀರ್ಪಿದೆ.

ತಂಗಿಯ ವಿಳಾಸದ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಸಿಗುತ್ತದೆ. ಊರಿನಿಂದ ಓದಲು ಬರುವ ಹುಡುಗ ಬರುವುದು ಎಫ್-1ರಲ್ಲಿ, ಅಲ್ಲಿಗೆ ಬಾಗಿಲು ಮುಚ್ಚಿತು. ಒಂದು ವೇಳೆ ಮಗ ಅಮೆರಿಕದಲ್ಲಿ ಹುಟ್ಟಿ ಅಲ್ಲಿನ ಪೌರನಾಗಿದ್ದು, ಅಪ್ಪ ಅಮ್ಮ ಬೆಂಗಳೂರಿಗೆ ಮರಳಿ ನೆಲೆಸಿದವರಾದರೆ? ಈಚೆಗೆ ಇಂಥ ಮನೆಗಳು ಬೆಂಗಳೂರು, ಮೈಸೂರುಗಳಲ್ಲಿ ಬಹಳ. ಪಾಸ್‌ಪೋರ್ಟ್ ನೀಲಿಯದಾದರೆ ಫೀಸೂ ಕಡಿಮೆ ಎಂಬ ನಂಬಿಕೆ ಅವರಲ್ಲಿ ಗಟ್ಟಿಯಾಗಿದೆ. ಆದರೆ ಪೌರತ್ವ ದೇಶದ್ದು, ಫೀಸಿನ ರಿಯಾಯಿತಿ ರಾಜ್ಯದ್ದು. ಮದುವೆಯಾಗದ ಅಪ್ರಾಪ್ತ ಮಗುವಿನ ನಿವಾಸ ತಂದೆತಾಯಿಯದೇ. ಜೀವಂತವಿರುವ ತಂದೆ ಅಥವಾ ತಾಯಿ ಇರುವಾಗ ಚಿಕ್ಕಮ್ಮನನ್ನು ಕಾನೂನುಬದ್ಧ ಪೋಷಕಳನ್ನಾಗಿ ನೇಮಿಸಿದರೂ ಅದು ಬದಲಾಗುವುದಿಲ್ಲ ಎಂದು ಕ್ಯಾಲಿಫೋರ್ನಿಯಾದ ಅದೇ ಸಂಹಿತೆ ಹೇಳುತ್ತದೆ. ಹದಿನೆಂಟು ತುಂಬಿದ ಮೇಲೂ, 24 ವರ್ಷದೊಳಗಿನ ಅವಿವಾಹಿತ ಪದವಿ ವಿದ್ಯಾರ್ಥಿಯ ತಂದೆತಾಯಿ ಆ ರಾಜ್ಯದವರಲ್ಲದಿದ್ದರೆ, ಅವನು ತನ್ನ ಖರ್ಚನ್ನು ತಾನೇ ನೋಡಿಕೊಳ್ಳುವವನೆಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಲೆಕ್ಕ ಸಮೇತ ತೋರಿಸಬೇಕಾಗುತ್ತದೆ. ಬೆಂಗಳೂರಿನಿಂದ ಅಪ್ಪ ಹಣ ಕಳುಹಿಸುತ್ತಿರುವ ಹುಡುಗನಿಗೆ ಅದು ಸಾಧ್ಯವಾಗದ ಮಾತು.

ಹಾಗಾದರೆ ಉದ್ದೇಶವನ್ನು ತೋರಿಸುವುದು ಹೇಗೆ? ಕಾಗದಗಳಿಂದ, ಅದರಲ್ಲೂ ಅವುಗಳ ಮೇಲಿನ ತಾರೀಖುಗಳಿಂದ. ನ್ಯೂಜರ್ಸಿಯಿಂದ ಕ್ಯಾಲಿಫೋರ್ನಿಯಾಕ್ಕೆ ಬಂದ ಕುಟುಂಬವೊಂದನ್ನು ಊಹಿಸಿಕೊಳ್ಳಿ. ಆಗಸ್ಟಿನಲ್ಲಿ ಬಂದು ಬಾಡಿಗೆ ಕರಾರಿಗೆ ಸಹಿ ಹಾಕಿ, ಮಕ್ಕಳನ್ನು ಶಾಲೆಗೆ ಸೇರಿಸಿದರು. ಕಾರಿನ ನಂಬರ್ ಪ್ಲೇಟು ಮಾತ್ರ ಮರುವರ್ಷದ ಮಾರ್ಚಿನ ತನಕ ನ್ಯೂಜರ್ಸಿಯದೇ, ಲೈಸೆನ್ಸೂ ಅಲ್ಲಿನದೇ. "ಡಿಎಂವಿಯ (ಲೈಸೆನ್ಸು, ವಾಹನ ನೋಂದಣಿಯ ಕಚೇರಿಯ) ಸಾಲಿನಲ್ಲಿ ಯಾರು ನಿಲ್ಲುತ್ತಾರೆ, ಹಳೆಯದರ ಅವಧಿ ಮುಗಿಯಲಿ" ಎಂಬ ಉದಾಸೀನ. ನೆಲೆಸಿದ ಹತ್ತು ದಿನದೊಳಗೆ ಲೈಸೆನ್ಸನ್ನೂ ಇಪ್ಪತ್ತು ದಿನದೊಳಗೆ ವಾಹನದ ನೋಂದಣಿಯನ್ನೂ ಬದಲಾಯಿಸಿಕೊಳ್ಳಬೇಕೆಂಬುದು ಕ್ಯಾಲಿಫೋರ್ನಿಯಾದ ನಿಯಮವಾಗಿರುವಾಗ, ಕಡತ ನೋಡುವ ಅಧಿಕಾರಿಗೆ ಆ ಏಳು ತಿಂಗಳು ಹೇಗೆ ಕಾಣಬೇಕು? ಅದೇ ವರ್ಷದ ಆದಾಯ ತೆರಿಗೆಯ ವಿವರವನ್ನು ಪೂರ್ತಿ ನ್ಯೂಜರ್ಸಿಯ ನಿವಾಸಿಯೆಂದೇ ಸಲ್ಲಿಸಿಬಿಟ್ಟಿದ್ದರೆ, ಸ್ವಂತ ಸಹಿಯೇ ತಮ್ಮ ವಿರುದ್ಧ ಸಾಕ್ಷಿ ಹೇಳುತ್ತದೆ. ಬಂದ ವರ್ಷಕ್ಕೆ ಎರಡೂ ರಾಜ್ಯಗಳಲ್ಲಿ ಭಾಗಶಃ ವರ್ಷದ ನಿವಾಸಿಯೆಂದು ಬಂದ ತಾರೀಖನ್ನು ನಮೂದಿಸಿ ತೆರಿಗೆ ಸಲ್ಲಿಸಿದ್ದರೆ ಅದೇ ಒಳ್ಳೆಯ ದಾಖಲೆಯಾಗುತ್ತಿತ್ತು. ಟೆಕ್ಸಾಸಿನಲ್ಲಿ ರಾಜ್ಯದ ಆದಾಯ ತೆರಿಗೆಯೇ ಇಲ್ಲವಾದ್ದರಿಂದ ಅಲ್ಲಿ ಕೆಲಸ, ಸ್ವಂತ ಮನೆ, ಬಾಡಿಗೆ ಕರಾರುಗಳಿಗೆ ಹೆಚ್ಚಿನ ತೂಕ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ನೆಲೆಸುವ ಉದ್ದೇಶಕ್ಕೆ ಪುರಾವೆಯೆಂದು ಬಹಳಷ್ಟು ಪಟ್ಟಿಗಳಲ್ಲಿ ಮತದಾರರ ನೋಂದಣಿಯೂ ಇರುತ್ತದೆ. ಅದು ಪೌರರಿಗೆ ಮಾತ್ರ. ಎಚ್-1ಬಿ, ಎಚ್-4 ಹಾಗಿರಲಿ, ಗ್ರೀನ್ ಕಾರ್ಡ್ ಇದ್ದವರೂ ಮತದಾರರಾಗಿ ನೋಂದಾಯಿಸಿಕೊಳ್ಳಬಾರದು. ಪೌರನೆಂದು ಸುಳ್ಳು ಹೇಳಿದಂತಾಗಿ ದೇಶದಿಂದ ಹೊರಹಾಕುವ ತನಕ ಹೋಗಬಹುದಾದ ಅಪರಾಧ ಅದು. ಡಿಎಂವಿಯ ಅರ್ಜಿಯಲ್ಲೂ ಆ ಪ್ರಶ್ನೆ ಬರುತ್ತದೆ, ಹದಿನೆಂಟು ತುಂಬಿದ ಮಕ್ಕಳು ಓದದೆ 'ಹೌದು' ಒತ್ತಿಬಿಡುತ್ತಾರೆ. ಫೀಸು ಉಳಿಸಲು ಹೋಗಿ ವೀಸಾ ಕಳೆದುಕೊಳ್ಳುವ ಕೆಲಸ ಬೇಡ.

ಕೆಲಸ ಹೋಗಿ ರಾಜ್ಯ ಬದಲಾಯಿಸುವವರ ಪಾಡು ಬೇರೆ. ಎಚ್-1ಬಿಯವರಿಗೆ ಕೆಲಸ ಹೋದ ಮೇಲೆ ಸಿಗುವುದು ಹೆಚ್ಚೆಂದರೆ ಅರವತ್ತು ದಿನ. ಹೊಸ ಕೆಲಸ ಎಲ್ಲಿ ಸಿಕ್ಕಿತೋ ಅಲ್ಲಿಗೆ ಹೊರಡಬೇಕು. ಟೆಕ್ಸಾಸಿನ ನಿಯಮದಲ್ಲಿ ಸೆಮಿಸ್ಟರಿನ ಸೆನ್ಸಸ್ ದಿನಕ್ಕೆ, ಅಂದರೆ ಸಾಮಾನ್ಯವಾಗಿ ತರಗತಿಗಳ ಹನ್ನೆರಡನೆಯ ದಿನಕ್ಕೆ, ತಂದೆ ಅಥವಾ ತಾಯಿ ಅಲ್ಲಿ ನೆಲೆಸಿ ಹನ್ನೆರಡು ತಿಂಗಳಾಗಿರಬೇಕು. ಮಗಳು ಹನ್ನೆರಡನೆಯ ತರಗತಿಗೆ ಸೇರುವ ಮುನ್ನ, ಜುಲೈನಲ್ಲಿ, ಆಸ್ಟಿನ್ನಿಗೆ ಬಂದವರು ಮುಂದಿನ ವರ್ಷದ ಮೊದಲ ಸೆಮಿಸ್ಟರಿಗೇ ಆ ಗೆರೆ ದಾಟುತ್ತಾರೆ. ಅಕ್ಟೋಬರಿನಲ್ಲಿ ಬಂದವರು ಒಂದು ಸೆಮಿಸ್ಟರು ಪೂರ್ತಿ ಫೀಸು ಕಟ್ಟಿ, ಆಮೇಲೆ ಮರುವರ್ಗೀಕರಣ ಕೇಳಬೇಕು. ಬೇರೆ ರಾಜ್ಯಗಳಲ್ಲಿ ದಿನಾಂಕ ಬೇರೆ, ಲೆಕ್ಕದ ರೀತಿ ಹೆಚ್ಚುಕಡಿಮೆ ಇದೇ. ಅಪ್ಪ ಒಂದು ರಾಜ್ಯದಲ್ಲಿ ಕೆಲಸಕ್ಕೆ, ಅಮ್ಮ ಮಕ್ಕಳೊಂದಿಗೆ ಇನ್ನೊಂದು ರಾಜ್ಯದಲ್ಲಿ ಎಂಬಂಥ ಮನೆಗಳಲ್ಲಿ, ಕ್ಯಾಲಿಫೋರ್ನಿಯಾದ ಮಟ್ಟಿಗೆ, ಮಗು ಯಾರ ಜೊತೆ ವಾಸವಿದೆಯೋ ಅವರ ನಿವಾಸವೇ ಮಗುವಿನದು. ಪಶ್ಚಿಮದ ರಾಜ್ಯಗಳವರಿಗೆ ವೆಸ್ಟರ್ನ್ ಅಂಡರ್‌ಗ್ರಾಜುಯೇಟ್ ಎಕ್ಸ್‌ಚೇಂಜ್ ಎಂಬ ಒಪ್ಪಂದವೂ ಇದೆ: ಅದರಲ್ಲಿ ಸೇರಿದ ನೆರೆರಾಜ್ಯದ ಕಾಲೇಜು ಆಯ್ದ ವಿದ್ಯಾರ್ಥಿಗಳಿಂದ ಇನ್-ಸ್ಟೇಟ್ ಫೀಸಿನ ಒಂದೂವರೆ ಪಟ್ಟಿಗಿಂತ ಹೆಚ್ಚು ಕೇಳುವುದಿಲ್ಲ.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಇಪ್ಪತ್ತೊಂದನೆಯ ಹುಟ್ಟುಹಬ್ಬದ್ದು. ಎಚ್-4 ಮಕ್ಕಳು ಆ ದಿನ ಅವಲಂಬಿತರ ಲೆಕ್ಕದಿಂದ ಹೊರಬೀಳುತ್ತಾರೆ. ಭಾರತದಲ್ಲಿ ಹುಟ್ಟಿದವರ ಗ್ರೀನ್ ಕಾರ್ಡಿನ ಸರತಿ ದಶಕಗಳಷ್ಟು ಉದ್ದವಿರುವುದರಿಂದ, ಮೂರು ವರ್ಷದವಳಾಗಿದ್ದಾಗ ಬಂದು ಇಲ್ಲಿಯೇ ಬೆಳೆದ ಹುಡುಗಿಯೂ ಪದವಿಯ ಮೂರನೆಯ ವರ್ಷದಲ್ಲಿ ಎಫ್-1ಕ್ಕೆ ಬದಲಾಗಬೇಕಾಗಿ ಬರುತ್ತದೆ. ಅದರೊಂದಿಗೆ ಮೇಲೆ ಹೇಳಿದ 'ಹಿಂತಿರುಗುವ ಉದ್ದೇಶ'ದ ಷರತ್ತು ಅವಳ ಹೆಗಲೇರುತ್ತದೆ. ಕ್ಯಾಲಿಫೋರ್ನಿಯಾದ ಹೈಸ್ಕೂಲಿನಲ್ಲಿ ಮೂರು ವರ್ಷ ಓದಿ ಮುಗಿಸಿದವರಿಗೆ ಹೊರರಾಜ್ಯದ ಫೀಸನ್ನು ಮನ್ನಾ ಮಾಡುವ 2001ರ ಎಬಿ 540 ಕಾನೂನು, ದಾಖಲೆಗಳಿಲ್ಲದ ಮಕ್ಕಳಿಗೂ ಅನ್ವಯಿಸುತ್ತದೆ. ಆದರೆ ತಾತ್ಕಾಲಿಕ ವೀಸಾದವರನ್ನು ಅದು ಹೊರಗಿಟ್ಟಿತು, ಆಮೇಲೆ ಒಳಗೆ ಬಂದದ್ದು ಮಾನವ ಸಾಗಣೆಗೂ ಅಪರಾಧಗಳಿಗೂ ಬಲಿಯಾದವರಿಗೆ ಕೊಡುವ ಟಿ, ಯು ವೀಸಾಗಳು ಮಾತ್ರ. ನಿಯಮ ತಪ್ಪದೆ ವೀಸಾ ಉಳಿಸಿಕೊಂಡು ಬಂದವರಿಗೇ ಇದು ಎರವಾಗುವುದು ನನಗೆ ಅನ್ಯಾಯವಾಗಿ ಕಾಣುತ್ತದೆ. ಟೆಕ್ಸಾಸಿನಲ್ಲಿ ಒಂದು ಕಿರುದಾರಿ ಇದೆ: ವಿಶ್ವವಿದ್ಯಾಲಯವೇ ಸ್ಪರ್ಧೆಯ ಮೇಲೆ ಕೊಡುವ ಕನಿಷ್ಠ 1,000 ಡಾಲರಿನ ವಿದ್ಯಾರ್ಥಿವೇತನ ಸಿಕ್ಕಿದವರಿಗೆ, ಎಫ್-1 ಆಗಿದ್ದರೂ, ಇನ್-ಸ್ಟೇಟ್ ದರವನ್ನೇ ಹಾಕಲು ಅಲ್ಲಿನ ಕಾನೂನು ಅವಕಾಶ ಕೊಡುತ್ತದೆ.

ಕಾಲೇಜು ಆರಿಸುವ ಮೊದಲೇ ಎಚ್-4 ಮಕ್ಕಳ ತಂದೆತಾಯಿಗಳು ಮಗು 21 ತುಂಬುವ ತಾರೀಖನ್ನು ಪದವಿಯ ಕ್ಯಾಲೆಂಡರಿನ ಮೇಲೆ ಗುರುತು ಹಾಕಿಕೊಳ್ಳಲಿ. ಆ ದಿನದ ನಂತರದ ಸೆಮಿಸ್ಟರುಗಳಿಗೆ ಯಾವ ದರ ಹಾಕುತ್ತೀರಿ ಎಂದು ಆಯಾ ಕ್ಯಾಂಪಸ್ಸಿನ ರೆಸಿಡೆನ್ಸಿ ಅಧಿಕಾರಿಗೆ ಬರೆದು ಕೇಳಲಿ. ಅಡ್ಮಿಷನ್ ಕಚೇರಿಯವರನ್ನಲ್ಲ, ಈ ನಿರ್ಣಯ ಅವರ ಕೈಯಲ್ಲಿಲ್ಲ. ಉತ್ತರವನ್ನು ಫೋನಿನಲ್ಲಿ ಪಡೆಯದೆ ಇಮೇಲಿನಲ್ಲಿಯೇ ಪಡೆಯಲಿ.